ಇಳಿಯದ ಡ್ರೈವರ್

ನನ್ನ ಗಂಡ ಲಾರಿಯಿಂದ ಇಳಿಯುತ್ತಿಲ್ಲ ಎಂದು ಹೇಳಲು ಅಕ್ಕಿ ಮಿಲ್ಲಿನ ಸಾವಕಾರರ ಜೀಪು ನಮ್ಮ ಕೇರಿಗೆ ಬಂತು. ಅವನನ್ನು ಮಣ್ಣು ಮಾಡಿ ತಿಂಗಳ ಮೇಲಾಗಿತ್ತು.

ಜೀಪಿನಿಂದ ಇಳಿದವನು ಗಡಿಗೆಪ್ಪ. ಅವನೂ ಸಾವಕಾರರ ಹತ್ತಿರ ಡ್ರೈವರ್. ನನ್ನ ಗಂಡ ಗೌತಮನ ಜೊತೆ ಒಂದೇ ಡಬ್ಬಿಯಲ್ಲಿ ಉಂಡವನು. ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ.

"ಸಾವಕಾರ್ರು ಕರದಾರವ್ವಾ. ಒಂದೀಟು ಬಂದು ಹೋಗಬೇಕಂತ."

"ಯಾಕ?"

"ಗೌತಮ ಇಳೀವಲ್ಲ."

"ಎಲ್ಲಿಂದ?"

"ಗಾಡಿಯಿಂದ."

ನನ್ನ ಅತ್ತೆ ಗೋಪಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು. "ನನ್ನ ಮಗ ಅಲ್ಲದಾನೇನು?" ಎಂದಳು. ಅವಳ ದನಿಯಲ್ಲಿ ಆಸೆ ಇತ್ತು. ನಾನು ಎದ್ದು ಒಳಗೆ ಹೋದೆ. ನೀರು ಕುಡಿದೆ. ಹೊರಗೆ ಬಂದೆ. ಗಡಿಗೆಪ್ಪ ಇನ್ನೂ ನಿಂತಿದ್ದ.

ಡ್ರೈವರುಗಳದ್ದು ಒಂದು ರೂಢಿ ಇದೆ. ದೂರದ ಲೋಡಿಗೆ ಇಬ್ಬರು ಹೋದರೆ ಒಬ್ಬ ಓಡಿಸುತ್ತಾನೆ, ಒಬ್ಬ ಹಿಂದಿನ ಹಲಗೆಯ ಮೇಲೆ ಮಲಗುತ್ತಾನೆ. ಬದಲಾಗುವಾಗ ಓಡಿಸುತ್ತಿದ್ದವನು ಕೆಳಗಿಳಿದು, ಬಾಗಿಲನ್ನು ಅಂಗೈಯಿಂದ ಬಡಿದು, "ಇಳದೆ" ಎನ್ನಬೇಕು. ಆ ಮಾತು ಕಿವಿಗೆ ಬೀಳದೆ ಇನ್ನೊಬ್ಬ ಆ ಸೀಟಿನಲ್ಲಿ ಕೂರುವುದಿಲ್ಲ. ನಿದ್ದೆಗಣ್ಣಿನಲ್ಲಿ ಬ್ರೇಕಿನ ಮೇಲೆ ಯಾರ ಕಾಲಿದೆ ಎಂಬ ಗೊಂದಲ ಆಗಬಾರದೆಂದು ಯಾರೋ ಹಿರಿಯರು ಮಾಡಿದ್ದಿರಬೇಕು.

ಕೊನೆಯ ಸಲ ಗೌತಮ ಒಬ್ಬನೇ ಹೋಗಿದ್ದ. ರಾಯಚೂರಿನಿಂದ ಬೆಂಗಳೂರಿಗೆ ಅಕ್ಕಿ. ಅಲ್ಲಿ ಖಾಲಿ ಮಾಡಿ, ವಾಪಸ್ ಲೋಡು ಹೇರಿಕೊಂಡು ಬಂದು, ರಾಯಚೂರಿನಲ್ಲಿ ಇಳಿಸಿ, ಮನೆಗೂ ಬರದೆ ಮತ್ತೆ ಅಕ್ಕಿ. ಜೊತೆಗೆ ಇನ್ನೊಬ್ಬನನ್ನು ಕೊಡಿ ಎಂದು ಕೇಳಿದ್ದ. "ನಿನ್ನ ಮೈಯಾಗ ಇಬ್ಬರ ಕಸುವು ಅದ, ಹೋಗಲೇ" ಎಂದಿದ್ದರು ಸಾವಕಾರರು. ಬೈಗುಳವಲ್ಲ ಅದು. ಅವರು ಅವನನ್ನು ಹೊಗಳಿದ್ದರು.

ಬೆಂಗಳೂರು ಇನ್ನೂ ದೂರ ಇರುವಾಗ ಅವನು ಹೆದ್ದಾರಿಯ ಬದಿಗೆ ಗಾಡಿ ತೆಗೆದು ನಿಲ್ಲಿಸಿದ್ದಾನೆ. ಇಂಡಿಕೇಟರ್ ಹಾಕಿದ್ದಾನೆ. ಹ್ಯಾಂಡ್‌ಬ್ರೇಕ್ ಎಳೆದಿದ್ದಾನೆ. ಆಮೇಲೆ ಸತ್ತಿದ್ದಾನೆ. ಎದೆ ನಿಂತಿದೆ ಎಂದರು ಡಾಕ್ಟರು. ಅವನಿಗೆ ಮೂವತ್ತೊಂದು ವರ್ಷ.

ಹೆಣ ಮನೆಗೆ ಬಂದಾಗ ಎರಡೂ ಕೈಯ ಬೆರಳು ಬಾಗಿದ್ದವು. ಸ್ಟೇರಿಂಗಿನ ದಪ್ಪಕ್ಕೆ ಸರಿಯಾಗಿ. ಅತ್ತೆ ಬಿಸಿ ಎಣ್ಣೆ ಹಚ್ಚಿ ತಿಕ್ಕಿದಳು. ಒಂದೊಂದೇ ಬೆರಳು ಹಿಡಿದು ಎಳೆದಳು. ನೆಟ್ಟಗಾಗಲಿಲ್ಲ. ಹಾಗೇ ಮಣ್ಣು ಮಾಡಿದೆವು. ನಾನು ಅಳಲಿಲ್ಲ. ಯರಗೇರಾದ ಪಿ.ಜಿ. ಸೆಂಟರಿಗೆ ಹೋಗಿ ಎಂ.ಎ. ಓದಿದವಳಿಗೆ ಅಳು ಬರಂಗಿಲ್ಲೇನು ಎಂದು ಕೇರಿಯ ಹೆಂಗಸರು ಮಾತಾಡಿಕೊಂಡರು. ನಿಜ, ಬರಲಿಲ್ಲ.

ಮಣ್ಣಾದ ಮೇಲೆ ಇನ್ನೊಂದು ಸಂಗತಿ ತಿಳಿಯಿತು. ಸಾವಕಾರರು ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಗೌತಮ ಡ್ರೈವರ್ ಅಲ್ಲ. ಡ್ರೈವರುಗಳ ಹೆಸರಿನ ವಿಮೆ ಕಟ್ಟುವುದನ್ನು ಅವರು ಬಿಟ್ಟುಬಿಟ್ಟಿದ್ದರು. ಡ್ರೈವರ್ ಸತ್ತರೆ ಪರಿಹಾರ ಅವರ ಕೈಯಿಂದಲೇ ಹೋಗಬೇಕು, ಹಾಗಾಗಿ ಸತ್ತವನು ಡ್ರೈವರ್ ಆಗುವಂತಿರಲಿಲ್ಲ. ಹೇಳಿಕೆಯ ಪ್ರಕಾರ ಡ್ರೈವರ್ ಗಡಿಗೆಪ್ಪ. ಗೌತಮ ಯಾರೋ ಒಬ್ಬ ಕುಡುಕ. ದೇವದುರ್ಗದಲ್ಲಿ ಕೈ ಅಡ್ಡ ಹಾಕಿ ಪುಕ್ಕಟೆ ಹತ್ತಿದವನು. ಗಡಿಗೆಪ್ಪ ಚಹಾ ಕುಡಿಯಲು ಇಳಿದಾಗ ಈ ಕುಡುಕ ಡ್ರೈವರ್ ಸೀಟಿಗೆ ಬಂದು ಕೂತು ಸತ್ತ.

ರಾಯಚೂರಿನಿಂದ ಬೆಂಗಳೂರಿಗೆ ಹೋಗುವ ಲಾರಿ ದೇವದುರ್ಗಕ್ಕೆ ಹೋಗುವುದಿಲ್ಲ. ಮಾನ್ವಿ, ಸಿಂಧನೂರು ಹಿಡಿದು ಹೋಗುತ್ತದೆ. ದೇವದುರ್ಗ ಬೇರೆ ದಿಕ್ಕು. ಅದು ನನ್ನ ತವರು, ಗಡಿಗೆಪ್ಪನ ಊರೂ ಅದೇ. ಹೇಳಿಕೆ ಕೊಡುವಾಗ ಬಾಯಿಗೆ ಬಂದ ಊರು ಹೇಳಿದ್ದಾರೆ. ಬರೆದುಕೊಂಡವರು ಬರೆದುಕೊಂಡಿದ್ದಾರೆ. ಸತ್ತವನು ನಮ್ಮ ಕೇರಿಯವನಾದ್ದರಿಂದ ಯಾರೂ ದಾರಿ ಕೇಳಲಿಲ್ಲ.

ನಾನು ಕೇಸು ಹಾಕಿದೆ. ಅವನು ಡ್ರೈವರ್ ಆಗಿದ್ದ ಎಂದು ಒಬ್ಬರಾದರೂ ಸಾಕ್ಷಿ ಹೇಳಬೇಕು ಎಂದರು ವಕೀಲರು. ಒಬ್ಬರನ್ನು ಹುಡುಕಿಕೊಂಡು ರಾಯಚೂರಿನ ಹೊರಗಿರುವ ಮಿಲ್ಲಿಗೆ ಹೋದೆ. ಗೇಟಿನಲ್ಲಿ ಲೋಡಾದ ಲಾರಿ ಹೊರಡುತ್ತಿತ್ತು. "ಏ, ಎದುರಿಗಿ ಬರಬ್ಯಾಡ, ಗಾಡಿ ಹೊಂಟದ" ಎಂದು ಕೂಗಿದರು. ಗಂಡ ಸತ್ತವಳು ಲಾರಿಗೆ ಎದುರಾಗಬಾರದು. ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಲಾರಿ ಹೋಗುವ ತನಕ ಗೋಡೆಯ ಸುಣ್ಣ ನೋಡುತ್ತ ನಿಂತೆ.

ಸಾವಕಾರ ಪಂಪಾಪತಿಯವರು ಕಟ್ಟೆಯ ಮೇಲಿಂದಲೇ ಮಾತಾಡಿದರು. "ಪಾಪ ಅಂತ ಹತ್ತಿಸಿಕೊಂಡರ ನಮ್ಮ ಕುತ್ತಿಗೀಗಿ ಬಂತು ನೋಡು."

"ನಾಕು ವರ್ಷ ನಿಮ್ಮ ಗಾಡಿ ಓಡಿಸ್ಯಾನ್ರೀ."

"ಯಾರ ನೋಡ್ಯಾರ?"

ಅಂಗಳದ ತುಂಬ ಹಮಾಲರಿದ್ದರು. ಬೆನ್ನ ಮೇಲೆ ಚೀಲ ಇದ್ದವರು ಚೀಲ ಹೊತ್ತೇ ಹೋದರು. ಚೀಲ ಇಲ್ಲದವರು ಚೀಲ ಹುಡುಕಿದರು. ನನಗೆ ಅರ್ಧ ಚೀಲ ನುಚ್ಚು ಕೊಟ್ಟು ಕಳಿಸಲು ಸಾವಕಾರರು ಹೇಳಿದರು. ನುಚ್ಚನ್ನು ಅಲ್ಲೇ ಬಿಟ್ಟು ಬಂದೆ.

ಈಗ ಅದೇ ಸಾವಕಾರರು ಜೀಪು ಕಳಿಸಿದ್ದರು.

"ಏನಾಗ್ಯದ ಸರಿಯಾಗಿ ಹೇಳು" ಎಂದೆ ಗಡಿಗೆಪ್ಪನಿಗೆ.

"ಮೊದಲ ನಾನ ಹತ್ತಿದ್ದೆ. ಸಿಂಧನೂರು ಮುಟ್ಟಲಿಲ್ಲ, ಬ್ರೇಕು ತಾನ ಬಿತ್ತು."

"ರಿಪೇರಿ ಮಾಡಸ್ರಿ."

"ಮಾಡಸೀವಿ. ಆಮ್ಯಾಲ ಇನ್ನೊಬ್ಬ ಹತ್ತಿದ. ಸೀಟು ಹಿಂದಕ ಸರದಿತ್ತು. ಗೌತಮ ಉದ್ದ ಇದ್ದನಲ್ಲ, ಅವನ ಕಾಲಿಗಿ ಎಷ್ಟು ಬೇಕೋ ಅಷ್ಟ. ಮುಂದಕ ಸರಸಿದ. ಒಂದಕ್ಕ ಹೋಗಿ ಬರೂದರಾಗ ಮತ್ತ ಹಿಂದಕ."

"ಸೀಟು ಸಡ್ಲ ಆಗಿರಬೇಕು."

"ಹೊಸಾ ಸೀಟ ಹಾಕ್ಸ್ಯಾರ."

"ಮತ್ತ?"

"ಅದೂ ಹಿಂದಕ."

ಲಾರಿಗೆ ಶಾಂತಿ ಮಾಡಿಸಿದರಂತೆ. ಕುಂಬಳಕಾಯಿ ಒಡೆದರಂತೆ. ನಾಲ್ಕೂ ಕಡೆ ಲಿಂಬೆಹಣ್ಣು ಕಟ್ಟಿದರಂತೆ. ಲಾರಿಗಾಗಿ ಹಾಕಿದ ಪೆಂಡಾಲು ನಮ್ಮ ಮನೆ ಮುಂದೆ ಗೌತಮನಿಗೆ ಹಾಕಿದ್ದಕ್ಕಿಂತ ದೊಡ್ಡದು. ಊಟಕ್ಕೆ ಹೋಳಿಗೆ ಇತ್ತು. ಆದರೂ ಯಾವ ಡ್ರೈವರೂ ಹತ್ತಲಿಲ್ಲ. ಕೊನೆಗೆ ಪೂಜೆಯ ಅಯ್ಯನವರು ಹೇಳಿದರಂತೆ: ಅಂವ ಇನ್ನೂ 'ಇಳದೆ' ಅಂದಿಲ್ಲ. ಹೆಂಡ್ತಿ ಬಂದು 'ಇಳಿ' ಅಂತ ಕರದರ ಇಳೀತಾನ.

"ನನಗ ದೆವ್ವದಾಗ ನಂಬಿಕಿ ಇಲ್ಲ, ಗಡಿಗೆಪ್ಪಣ್ಣ."

"ನನಗೂ ಇರಲಿಲ್ಲವ್ವಾ."

"ಪೊಲೀಸರ ಮುಂದ ಆ ದಿನದ ಡ್ರೈವರ್ ನೀನ. ಹಂಗಾರ ನೀನ ಇಳಿ."

ಅವನು ಹೆಗಲ ಟವೆಲ್ಲು ತೆಗೆದ. ಮೂಗು ಒರೆಸಿಕೊಂಡ. ಅವನಿಗೂ ಮಕ್ಕಳಿದ್ದಾರೆ, ಆ ಮಾತು ಅವನು ಹೇಳಬೇಕಾಗಿಯೇ ಇರಲಿಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ಅತ್ತೆ ಸೆರಗು ಹೊದ್ದು ಜೀಪಿನಲ್ಲಿ ಕೂತಿದ್ದಳು.

ಜೀಪು ಮಿಲ್ಲಿನ ಹಿಂದಿನ ಗೇಟಿಗೆ ಹೋಯಿತು. ಸಾವಕಾರರೇ ಬಂದು ನಿಂತಿದ್ದರು.

"ಬಾ ತಂಗಿ, ಬಾ" ಎಂದರು.

ಇಷ್ಟು ದಿನ ನಾನು ಅವರಿಗೆ ಏನೂ ಆಗಿರಲಿಲ್ಲ. ತಂಗಿಯಾದವಳಿಗೆ ಅಂಗಳದಲ್ಲಿ ಹೇಗೆ ನಡೆಯಬೇಕು ಎಂಬುದನ್ನೂ ಹೇಳಿದರು. ಲಾರಿಯ ಹಿಂದಿನಿಂದ ಬರಬೇಕು. ಮುಂದೆ ಹೋಗಬಾರದು. ಕ್ಲೀನರ್ ಕಡೆಯ ಬಾಗಿಲಲ್ಲಿ ನಿಂತು ಕರೆಯಬೇಕು. ಬಾಗಿಲು ಮುಟ್ಟಬಾರದು. ಲಾರಿ ನನ್ನನ್ನು ನೋಡದಿರಲೆಂದು ಎರಡೂ ಹೆಡ್‌ಲೈಟಿಗೆ ಗೋಣಿಚೀಲ ಕಟ್ಟಿದ್ದರು. ಪಕ್ಕದ ಕನ್ನಡಿಗಳಿಗೆ ಹೊಸ ಟವೆಲ್ಲು ಹೊದಿಸಿದ್ದರು. ಲಾರಿಯ ಕಣ್ಣಿಗೆ ನಾನು ಬೀಳಬಾರದು. ಅದರೊಳಗೆ ಕೂತವನ ಕಿವಿಗೆ ಮಾತ್ರ ಬೀಳಬೇಕು.

ಲಾರಿ ಮೇಲಿನ ತನಕ ಅಕ್ಕಿ ಚೀಲ ಹೇರಿ ತಾಡಪತ್ರಿ ಬಿಗಿದು ನಿಂತಿತ್ತು. ಬೆಂಗಳೂರಿನ ಅಂಗಡಿಯವರು ಒಂದೇ ಸಮ ಫೋನ್ ಮಾಡುತ್ತಿದ್ದರು. ಹಮಾಲರು ಗೋಡೆಯ ಸಾಲಿಗೆ ಕೂತಿದ್ದರು. ಅವರ ಮುಖಂಡ ಗುಡುಸಾಬ ಎದ್ದು ನಿಂತ. ಚೀಲ ಹೊತ್ತು ಹೊತ್ತು ಅವನ ಕುತ್ತಿಗೆ ಒಂದು ಕಡೆ ವಾಲಿದೆ. ಹಿಂಭಾಗದಲ್ಲಿ ಎತ್ತಿನ ಹೆಗಲಿನ ಹಾಗೆ ಗಡ್ಡೆ ಕಟ್ಟಿದೆ. ಯಾರನ್ನು ನೋಡಿದರೂ ಅನುಮಾನದಿಂದ ನೋಡಿದ ಹಾಗೆ ಕಾಣುತ್ತದೆ.

ಅಯ್ಯನವರು ದೂರ ನಿಂತರು. ನನ್ನ ಗಾಳಿ ತಾಗದಷ್ಟು ದೂರ. "ಹೆಸರ ಹಿಡದು ಇಳಿ ಅನ್ನು" ಎಂದು ಅಲ್ಲಿಂದಲೇ ಅರಿಶಿನದ ಅಕ್ಕಿ ಎಸೆದರು. ಅದು ನನ್ನನ್ನು ಮುಟ್ಟಲಿಲ್ಲ. ಅತ್ತೆಯ ತಲೆಯ ಮೇಲೆ ಬಿತ್ತು. ಅವಳು ಕಾಳುಗಳನ್ನು ಆರಿಸಿ ಅಂಗೈಯಲ್ಲಿ ಹಿಡಿದುಕೊಂಡಳು.

ನಾನು ಲಾರಿಯ ಹಿಂದೆ ನಿಂತಿದ್ದೆ. ಹಿಂದೆ ಡೀಸೆಲ್ ವಾಸನೆ, ಅಕ್ಕಿಯ ಧೂಳು. ಅಲ್ಲಿಂದ ನಡೆದು ಮುಂದಕ್ಕೆ ಹೋದೆ.

"ಏ, ಮುಂದ ಹೋಗಬ್ಯಾಡ!"

ಹೋದೆ. ಹೆಡ್‌ಲೈಟಿನ ಗೋಣಿಚೀಲ ಬಿಚ್ಚಿದೆ. ಒಂದು, ಆಮೇಲೆ ಇನ್ನೊಂದು. ಲಾರಿಯ ಎದುರಿಗೆ ನಿಂತೆ. ಏನೂ ಆಗಲಿಲ್ಲ. ಲಾರಿಗೂ ಏನೂ ಆಗಲಿಲ್ಲ, ನನಗೂ ಏನೂ ಆಗಲಿಲ್ಲ. ಡ್ರೈವರ್ ಕಡೆಯ ಬಾಗಿಲು ತೆಗೆದೆ. ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿದೆ.

"ಮುಟ್ಟಿಬಿಟ್ಲಲ್ಲೋ!" ಎಂದರು ಸಾವಕಾರರು, ಯಾರಿಗೆ ಅಂತಿಲ್ಲದೆ.

ಸೀಟು ಹಿಂದಕ್ಕೆ ಸರಿದಿತ್ತು. ಕೆಳಗಿನ ಕಬ್ಬಿಣದ ಪಟ್ಟಿ ಸವೆದಿರಬಹುದು. ಹೊಸ ಸೀಟಿಗೂ ಹಳೆಯ ಪಟ್ಟಿಯನ್ನೇ ಹಾಕಿರಬಹುದು. ನಾನು ಹಾಗೆಂದುಕೊಂಡೆ. ಸೀಟಿನಲ್ಲಿ ಯಾರೂ ಇರಲಿಲ್ಲ.

"ಸಾವಕಾರ್ರ, ಇಲ್ಲಿ ಯಾರ ಕುಂತಾರ?"

"ನಿನ್ನ ಗಂಡ."

"ಇದು ಯಾರ ಸೀಟು?"

ಅವರು ಅಯ್ಯನವರನ್ನು ನೋಡಿದರು. ಅಯ್ಯನವರು ಆಕಾಶ ನೋಡಿದರು.

"ಡ್ರೈವರ್ ಸೀಟು" ಎಂದ ಗುಡುಸಾಬ.

"ನಿನ್ನ ಕೇಳ್ಯಾರೇನೋ?" ಎಂದು ಸಾವಕಾರರು ಅವನ ಮೇಲೆ ಹರಿಹಾಯ್ದರು.

"ನನ್ನ ಗಂಡ ಡ್ರೈವರ್ ಅಲ್ಲಂತ ಬರಸೀರಿ. ಪುಕ್ಕಟೆ ಹತ್ತಿದಂವ ಚೀಲದ ಮ್ಯಾಲ ಕುಂದ್ರಬೇಕು. ಇಲ್ಲ್ಯಾಕ ಕುಂತಾನ?"

"ಅದು ಬ್ಯಾರೆ, ಇದು ಬ್ಯಾರೆ. ಅದು ಪೊಲೀಸರ ಮುಂದಿಂದು. ಇದು ದೇವರ ಮುಂದಿಂದು."

"ಎರಡರಾಗ ಯಾವುದು ಖರೆ?"

"ಎರಡೂ ಖರೆ. ಕಲತಾಕಿ ಇದ್ದಿ, ಇಷ್ಟು ತಿಳೀಬಾರದಾ? ಈಗ ಇಳಿ ಅನ್ನು. ಒಂದ ಮಾತು. ನಿನ್ನ ಗಂಟೇನು ಹೋಗ್ತದ?"

ಹಮಾಲರು ಎದ್ದು ಹತ್ತಿರ ಬಂದಿದ್ದರು. ಡ್ರೈವರುಗಳು ಬಾಗಿಲ ಸುತ್ತ ನಿಂತಿದ್ದರು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅವನು ಸತ್ತ ಮೇಲೆ ನಾನು ಅವನ ಜೊತೆ ಒಂದು ಮಾತೂ ಆಡಿರಲಿಲ್ಲ. ಸತ್ತವರ ಜೊತೆ ಮಾತಾಡುವುದು ನಮ್ಮ ಮನೆಯ ಪದ್ಧತಿಯಲ್ಲ. ನಮ್ಮ ಗೋಡೆಯ ಮೇಲೆ ಬುದ್ಧನ ಪಟ ಒಂದೇ ಇದೆ.

ನಾನು ಖಾಲಿ ಸೀಟಿಗೆ ಮುಖ ಮಾಡಿದೆ.

"ಗೌತಮಾ" ಎಂದೆ. "ಇಳೀಬ್ಯಾಡ. ಕುಂದ್ರು."



"ಏನಂದ್ಲು? ಏನಂದ್ಲೋ ಆಕಿ?" ಎಂದರು ಸಾವಕಾರರು.

"ಕುಂದ್ರು ಅಂದ್ಲು" ಎಂದ ಗಡಿಗೆಪ್ಪ. ಅವನ ಮುಖ ಬಿಳಿಚಿತ್ತು.

ಅತ್ತೆ ಕೆಳಗಿನಿಂದ ಕತ್ತೆತ್ತಿ ನೋಡಿದಳು. "ಹೌದು ಮಗನ. ಕುಂತಲ್ಲೇ ನಿದ್ದಿ ಮಾಡು. ಯಾರೂ ಎಬ್ಬಸಂಗಿಲ್ಲ" ಎಂದಳು. ಅಂಗೈಯಲ್ಲಿದ್ದ ಕಾಳುಗಳನ್ನು ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಇಟ್ಟಳು.

ಡ್ರೈವರುಗಳು ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಅಯ್ಯನವರು ತಮ್ಮ ಚೀಲ ಎತ್ತಿಕೊಂಡರು. "ಹೆಂಡ್ತಿ ಕುಂದ್ರು ಅಂದಮ್ಯಾಗ ನನ್ನ ಕೈಯಾಗ ಏನೂ ಇಲ್ಲ" ಎಂದು ಹಿಂದಿನ ಗೇಟು ಹಿಡಿದರು. ಸಾವಕಾರರು ಸ್ವಲ್ಪ ದೂರ ಅವರ ಹಿಂದೆ ಹೋದರು. ವಾಪಸ್ ಬಂದರು.

"ಹಗ್ಗ ಬಿಚ್ಚರಿ. ಚೀಲ ಇಳಸ್ರಿ. ಬ್ಯಾರೆ ಗಾಡೀಗಿ ಹೇರ್ರಿ. ಇದನ್ನ ಗುಜರಿಗಿ ಹಾಕ್ತೀನಿ."

ಯಾರೂ ಅಲುಗಲಿಲ್ಲ.

"ಕಿವಿ ಕೇಳಸಂಗಿಲ್ಲೇನು?"

"ಕೇಳಿಸ್ತದ ಸಾವಕಾರ" ಎಂದ ಗುಡುಸಾಬ. "ಡ್ರೈವರ್ ಹೇಳೂತನಾ ಲೋಡಿನ ಹಗ್ಗ ಮುಟ್ಟಬಾರದು ಅಂತ ನೀವ ಕಾಯ್ದೆ ಮಾಡೀರಿ. ಚೀಲ ಕಳುವಾದಾಗ. ನಮ್ಮಲ್ಲಿ ಇಬ್ಬರನ್ನ ಅದಕ್ಕ ಹೊರಗ ಹಾಕೀರಿ."

"ಡ್ರೈವರ್ ಎಲ್ಲದಾನೋ!"

"ಕುಂತಾನಲ್ಲ."

"ಅಲ್ಲಿ ಯಾರೂ ಇಲ್ಲೋ ಮಾರಾಯ!"

"ಇಲ್ಲಂದ್ರ ನೀವ ಹತ್ತಿ ಕುಂದ್ರಿ. ನೀವ ಕುಂತು ಬಿಚ್ಚು ಅನ್ರಿ, ಒಂದ ತಾಸಿನಾಗ ಖಾಲಿ ಮಾಡ್ತೀವಿ. ಸುಳ್ಳಾದ್ರ ಕೇಳ್ರಿ."

ಸಾವಕಾರರು ಲಾರಿಯ ಹತ್ತಿರ ಬಂದರು. ನಾನು ಕೆಳಗಿಳಿದು ದಾರಿ ಬಿಟ್ಟೆ. ಅವರು ಬಾಗಿಲಿನ ಹಿಡಿಕೆ ಹಿಡಿದರು. ಬಲಗಾಲನ್ನು ಮೆಟ್ಟಿಲ ಮೇಲಿಟ್ಟರು. ಅಲ್ಲಿ ಅತ್ತೆ ಇಟ್ಟ ಕಾಳು ಕಂಡವು. ಕಾಲು ತೆಗೆದರು. ಎಡಗಾಲಿಟ್ಟರು. ಸೀಟಿನ ಕಡೆ ನೋಡಿದರು. ಅದನ್ನೂ ತೆಗೆದರು. ಹಮಾಲರಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಾಗಿರಲಿಲ್ಲ.

ಸಾವಕಾರರ ಮುಖ ಕೆಂಪಾಯಿತು. ಜೇಬಿನಿಂದ ಫೋನ್ ತೆಗೆದರು. "ನಿಮಗೆಲ್ಲ ಪೊಲೀಸರೇ ಬೇಕು" ಎಂದರು. ಮಿಲ್ಲಿನ ಸದ್ದಿನಲ್ಲಿ ಅವರ ಕಿವಿ ಮಂದವಾಗಿದೆ. ಫೋನನ್ನು ಸ್ಪೀಕರಿಗೆ ಹಾಕಿ ಬಾಯಿಯ ಮುಂದೆ ಹಿಡಿದು ಕೂಗುತ್ತಾರೆ. ಆ ಕಡೆಯ ದನಿ ಅಂಗಳಕ್ಕೆಲ್ಲ ಕೇಳುತ್ತದೆ.

"ಸಾಹೇಬ್ರ, ನಾ ಪಂಪಾಪತಿ. ನನ್ನ ಗಾಡಿ ತಡದು ನಿಲ್ಲಿಸ್ಯಾರ್ರೀ."

"ಯಾರು?"

"ಡ್ರೈವರ್."

"ಡ್ರೈವರ್‌ಗೆ ಫೋನ್ ಕೊಡಿ."

"ಕೊಡಾಕ ಬರಂಗಿಲ್ರೀ."

"ಯಾಕ್ರಿ?"

"ಸತ್ತಾನ್ರೀ."



"ನಿಮ್ಮ ಮಿಲ್ಲಿನಲ್ಲಿ ಡ್ರೈವರ್ ಸತ್ತಿದಾನಾ?"

"ಇಲ್ರೀ, ಇಲ್ಲಲ್ಲ. ಆಗ ಸತ್ತಾನ. ಈಗ ಗಾಡ್ಯಾಗ ಕುಂತಾನ. ಇಳೀವಲ್ಲ."

"ಪಂಪಾಪತಿಯವರೇ, ಹುಷಾರಾಗಿದೀರಾ? ಯಾವ ಡ್ರೈವರ್?"

"ಅದ ರೀ, ಗೌತಮ. ಹೆದ್ದಾರಿ ಮ್ಯಾಲ ಹೋದ್ನಲ್ಲ."

"ಆ ಕೇಸಾ? ಅದರ ಕಾಗದ ನಮ್ಮಲ್ಲಿಗೂ ಬಂದಿದೆ. ಅವನು ಡ್ರೈವರ್ ಅಲ್ಲವಲ್ರಿ. ದೇವದುರ್ಗದಲ್ಲಿ ಹತ್ತಿದ ಪ್ಯಾಸೆಂಜರ್ ಅಂತ ನೀವೇ ಹೇಳಿದ್ದು."

"ಪ್ಯಾಸೆಂಜರ್ ಆಗಿದ್ರ ನನಗ್ಯಾಕ ಈ ಗತಿ ಬರ್ತಿತ್ತು ಸಾಹೇಬ್ರ!" ಸಾವಕಾರರ ದನಿ ಒಡೆಯಿತು. "ಪ್ಯಾಸೆಂಜರ್ ಯಾರರ ಡ್ರೈವರ್ ಸೀಟ ಹಿಡದು ಕುಂದ್ರತಾರೇನ್ರಿ? ನನ್ನ ಡ್ರೈವರೇ ರೀ ಅಂವ! ನಾಕು ವರ್ಷ ಇದ ಗಾಡಿ ಓಡಿಸ್ಯಾನ! ಒಬ್ಬನ್ನೇ ಕಳಿಸಿದ್ದೆ, ಅದಕ್ಕ ಸಿಟ್ಟಾಗಿ ಕುಂತಾನ!"

ಫೋನಿನ ಆಚೆ ಕಾಗದ ತಿರುವಿದ ಸದ್ದು.

ಸಾವಕಾರರು ತಲೆ ಎತ್ತಿದರು. ಸುತ್ತ ನಿಂತವರನ್ನು ನೋಡಿದರು. ತಾವು ಏನು ಹೇಳಿದೆವು ಎಂಬುದು ಅವರಿಗೆ ನಿಧಾನವಾಗಿ ತಿಳಿಯುತ್ತಿತ್ತು. ಫೋನನ್ನು ಮುಚ್ಚಲು ಬೆರಳು ಹೋಯಿತು. ಅಷ್ಟರಲ್ಲಿ ಗಡಿಗೆಪ್ಪ ಮುಂದೆ ಬಂದ. ಫೋನಿನ ಹತ್ತಿರ ಬಾಯಿ ತಂದ.

"ಸಾಹೇಬ್ರ, ನಾ ಗಡಿಗೆಪ್ಪ. ನಾ ಆ ದಿನ ಚಹಾ ಕುಡಿಯಾಕ ಇಳದಿಲ್ಲ. ನಾ ಗಾಡ್ಯಾಗ ಇದ್ದಿಲ್ಲ. ನಮ್ಮೂರಾಗ, ದೇವದುರ್ಗದಾಗ, ಮನ್ಯಾಗ ಮಲಗಿದ್ದೆ."

"ಲೇ!" ಎಂದರು ಸಾವಕಾರರು.

"ಮಲಗಿದ್ದೆ ಸಾವಕಾರ" ಎಂದ ಗಡಿಗೆಪ್ಪ. "ಅಂವ ಎಚ್ಚರಿದ್ದ."

ಫೋನು ಕಟ್ಟಾಯಿತು. ಯಾರು ಕಟ್ ಮಾಡಿದರೋ ತಿಳಿಯಲಿಲ್ಲ.

ಬಿಸಿಲು ನೆತ್ತಿಗೆ ಬಂದಿತ್ತು. ಸಾವಕಾರರು ಅಕ್ಕಿ ತೂಕದ ಕಟ್ಟೆಯ ಮೇಲೆ ಕೂತರು. ಎದ್ದರು. ನನ್ನ ಕಡೆ ಬಂದು ನಿಂತರು. ನನಗೂ ಅವರಿಗೂ ಇಷ್ಟು ಕಡಿಮೆ ಅಂತರ ಎಂದೂ ಇರಲಿಲ್ಲ. ಅವರ ಮೈಯ ಬೆವರಿನ ವಾಸನೆ ಬಡಿಯುತ್ತಿತ್ತು. ಎರಡೂ ಕೈ ಮುಗಿದರು.

"ಹೇಳಿದ್ನಲ್ಲವ್ವಾ. ಎಲ್ಲಾರ ಮುಂದ ಹೇಳೀನಿ. ಡ್ರೈವರ್ ಅಂದೀನಿ. ಈಗರ ಇಳಿ ಅನ್ನು. ಒಂದ ಮಾತು."

ಎಲ್ಲರೂ ಮತ್ತೆ ನನ್ನ ಬಾಯಿ ನೋಡಿದರು. ಅತ್ತೆ ಕೂಡ. ಆ ಮಾತು ಚಿಕ್ಕದು. ಅಂದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಸೀಟು ಖಾಲಿ ಇತ್ತು, ಅಂದಮೇಲೂ ಖಾಲಿಯೇ ಇರುತ್ತಿತ್ತು.  ಆದರೆ ಇಷ್ಟು ದಿನ ಬಾರದ ಅಳು ಬರುತ್ತಿದೆ ಎಂದು ತಿಳಿಯಿತು. ಸಾವಕಾರರ ಮುಂದೆ ಬರಬಾರದೆಂದು ಹಲ್ಲು ಕಚ್ಚಿ ನಿಂತೆ. ಅದು ಕೆಳಗೆ ಹೋಗುವ ತನಕ ನಿಂತೆ.

"ಇಲ್ಲಿ ಹೇಳಿದ್ದನ್ನ ಕೋರ್ಟಿನಾಗ ಹೇಳ್ರಿ" ಎಂದೆ. "ಗಡಿಗೆಪ್ಪಣ್ಣನೂ ಹೇಳ್ಲಿ."

"ಅಲ್ಲೀತನಾ?"

"ಅಲ್ಲೀತನಾ ಅಂವ ಡ್ಯೂಟಿ ಮ್ಯಾಲ ಅದಾನ."

ಅತ್ತೆಯ ಕೈ ಹಿಡಿದು ಹೊರಟೆ. ಮುಂದಿನ ಗೇಟು ಮುಚ್ಚಿತ್ತು. ಗುಡುಸಾಬ ತನ್ನ ವಾಲಿದ ಕುತ್ತಿಗೆಯನ್ನು ಇನ್ನಷ್ಟು ವಾಲಿಸಿ ಅಗಳಿ ತೆಗೆದ, ಎರಡೂ ಬಾಗಿಲನ್ನು ಪೂರ್ತಿ ತೆರೆದ. ನಾವಿಬ್ಬರೂ ನಡುವೆ ನಡೆದು ರಸ್ತೆಗೆ ಬಂದೆವು.